ಅಜರಯ್ಯ ಕಾಣದ ದಿನ

ಯಾರಾದರೂ ಮಹನೀಯರ ಬಗ್ಗೆ ಬರೆದುಕೊಡು ಎಂದು ನಮ್ಮ ಮೇಷ್ಟ್ರು ಫೋನ್ ಮಾಡಿದಾಗ ನನಗೆ ಹೊಳೆದ ಹೆಸರು ವೇದನಾಯಗಂ ಸ್ಯಾಮ್ಯುಯೆಲ್ ಅಜರಯ್ಯನವರದು. ಬೆಂಗಳೂರಿನ ಮಿಲ್ಲರ್ಸ್ ರಸ್ತೆಯಲ್ಲಿ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿದೆ. 1910ರಲ್ಲಿ ಹಲವು ಪ್ರಾಟೆಸ್ಟೆಂಟ್ ಪಂಗಡದವರು ಕೂಡಿ ಶುರುಮಾಡಿದ್ದು. ಆಫೀಸಿಗೆ ಹೋಗುವಾಗ ಆ ಬೋರ್ಡು ನೋಡಿ, ಯಾರು ಯಾರ ಜೊತೆ ಕೂಡಿದರೆಂದು ಹುಡುಕುತ್ತ ಹೋದಾಗ ಇವರು ಸಿಕ್ಕರು.

ಹುಟ್ಟಿದ್ದು 1874ರಲ್ಲಿ, ತಿರುನೆಲ್ವೇಲಿ ಸೀಮೆಯ ಹಳ್ಳಿಯೊಂದರಲ್ಲಿ. ತಂದೆ ಪಾದ್ರಿ. ಮದರಾಸಿನಲ್ಲಿ ಕಾಲೇಜು ಓದಿದರೂ ಪದವಿ ಕೈಗೆ ಬರಲಿಲ್ಲ. ವೈಎಂಸಿಎ ಕಾರ್ಯದರ್ಶಿಯಾಗಿ ಊರೂರು ತಿರುಗಿದರು. ಆಮೇಲೆ ನಿಜಾಮರ ಸೀಮೆಯ ಡೋರ್ನಕಲ್‌ಗೆ ಹೋಗಿ, ತೆಲುಗು ಕಲಿತು, ಬಡವರ ನಡುವೆ ನೆಲೆನಿಂತರು. 1912ರಲ್ಲಿ ಅಲ್ಲಿನ ಬಿಷಪ್ಪರಾದರು. ಆಂಗ್ಲಿಕನ್ ಸಭೆಯಲ್ಲಿ ಆ ಸ್ಥಾನಕ್ಕೇರಿದ ಮೊದಲ ಭಾರತೀಯರು ಅವರೇ.

ಅವರನ್ನು ಕಾಡಿದ ಸಂಗತಿ ಒಂದೇ. ಯಾವ ಮಿಷನ್ನು ಮೊದಲು ಬಂತೋ ಊರು ಆ ಪಂಗಡಕ್ಕೆ ಸೇರಿಬಿಡುತ್ತಿತ್ತು. ಬಿಷಪ್ ಬೇಕೋ ಬೇಡವೋ ಎಂದು ಇಂಗ್ಲೆಂಡು, ಸ್ಕಾಟ್‌ಲೆಂಡಿನವರು ಎಂದೋ ಆಡಿದ ಜಗಳಕ್ಕೆ ನಮ್ಮ ಕೂಲಿಯವರೇಕೆ ವಾರಸುದಾರರಾಗಬೇಕು?

1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ ಸಭೆ ಸೇರಿತು. 1706ರಲ್ಲಿ ಮೊದಲ ಪ್ರಾಟೆಸ್ಟೆಂಟ್ ಮಿಷನರಿಗಳು ಬಂದಿಳಿದದ್ದೂ ಅಲ್ಲೇ. ಅಧ್ಯಕ್ಷತೆ ಅಜರಯ್ಯನವರದು, ಬಂದವರಲ್ಲಿ ಹೆಚ್ಚಿನವರು ಭಾರತೀಯರು. ಒಂದಾಗೋಣ ಎಂದು ಎರಡು ದಿನದಲ್ಲಿ ತೀರ್ಮಾನವಾಯಿತು. ಜಾರಿಗೆ ಬರಲು ಹಿಡಿದದ್ದು 28 ವರ್ಷ! (ಇಬ್ಬರು ಬರೆದ ಕೋಡನ್ನು ಒಂದು ಮಾಡುವ ಕಷ್ಟ ಬಲ್ಲ ನನಗೆ ಇದು ಆಶ್ಚರ್ಯವೇನಲ್ಲ.) ಬಿಷಪ್ಪರಿಲ್ಲದೆ ನೇಮಕವಾದ ಪಾದ್ರಿಗಳ ಕಥೆ ಏನು ಎಂಬುದೇ ದೊಡ್ಡ ಗಂಟು. ಇದ್ದವರನ್ನು ಇದ್ದಂತೆಯೇ ಒಪ್ಪುವುದು, ಮುಂದಿನ ನೇಮಕಗಳೆಲ್ಲ ಬಿಷಪ್ಪರ ಕೈಯಲ್ಲೇ ಆಗುವುದು ಎಂದು ಕೊನೆಗೆ ರಾಜಿಯಾಯಿತು. ಇಂಗ್ಲೆಂಡಿನಲ್ಲಿ ಇದಕ್ಕೆ ಭಾರಿ ವಿರೋಧವಿತ್ತು, ಕವಿ ಟಿ.ಎಸ್. ಎಲಿಯಟ್ ಕೂಡ 1943ರಲ್ಲಿ ಇದರ ವಿರುದ್ಧ ಕಿರುಹೊತ್ತಗೆ ಬರೆದರು. ಅಜರಯ್ಯ ಜಗ್ಗಲಿಲ್ಲ.

1945ರ ಜನವರಿ 1ರಂದು ಅವರು ತೀರಿಕೊಂಡರು. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು ಮತ್ತು ಮೊದಲೇ ಒಂದಾಗಿದ್ದ ಪ್ರೆಸ್ಬಿಟೇರಿಯನ್-ಕಾಂಗ್ರಿಗೇಷನಲ್ ಸಭೆಗಳವರು ಸೇರಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ ಆಯಿತು. ನಮ್ಮ ಮೈಸೂರು ಸೀಮೆಯ ಮೆಥಡಿಸ್ಟರೂ ಅದರೊಳಗೆ ಬಂದರು. ಆದರೆ ಅಜರಯ್ಯನವರೇ ನೋಡಿಕೊಳ್ಳುತ್ತಿದ್ದ ಪ್ರಾಂತಕ್ಕೆ ಸೇರಿದ ನಂದ್ಯಾಲದಲ್ಲಿ ಆಂಗ್ಲಿಕನ್ನರು ಬಹಳ ಮಂದಿ ಅಂದು ಸೇರದೆ ಹೊರಗೇ ಉಳಿದರು.