ನೆಲವನ್ನು ಅರಿತು ಆಡಿದವನು

ಪ್ಯಾರಿಸ್ಸಿನ ಕೆಂಪು ಅಂಕಣಗಳಲ್ಲಿ ಫ್ರೆಂಚ್ ಓಪನ್ ಮುಗಿದ ಮೂರೇ ವಾರಕ್ಕೆ ಲಂಡನ್ನಿನ ಹುಲ್ಲುಹಾಸಿನ ಮೇಲೆ ವಿಂಬಲ್ಡನ್ ಆರಂಭವಾಗುತ್ತದೆ. ಆಡುವವರು ಅವರೇ, ನಿಯಮಗಳೂ ಅವೇ, ಬಲೆಯ ಎತ್ತರವೂ ಅಷ್ಟೇ. ಬದಲಾಗುವುದು ಕಾಲ ಕೆಳಗಿನ ನೆಲ ಮಾತ್ರ. ಮಹಾ ಆಟಗಾರರನ್ನು ತಬ್ಬಿಬ್ಬುಗೊಳಿಸಲು ಅಷ್ಟು ಸಾಕು. ವಿಂಬಲ್ಡನ್ನಿನಲ್ಲಿ ಏಳು ಬಾರಿ ಗೆದ್ದ ಪೀಟ್ ಸಾಂಪ್ರಾಸ್ ಅವರಿಗೆ ಪ್ಯಾರಿಸ್ ಕೊನೆಯವರೆಗೂ ಒಲಿಯಲಿಲ್ಲ. ಪ್ಯಾರಿಸ್ಸಿನಲ್ಲಿ ಮೂರು ಬಾರಿ ಗೆದ್ದ ಇವಾನ್ ಲೆಂಡ್ಲ್ 1986 ಮತ್ತು 1987ರಲ್ಲಿ ವಿಂಬಲ್ಡನ್ ಫೈನಲ್ ತಲುಪಿಯೂ ಬರಿಗೈಯಲ್ಲಿ ಮರಳಿದರು.

ಈ ತೊಡಕನ್ನು ಒಂದು ಶತಮಾನಕ್ಕೂ ಹಿಂದೆಯೇ ಬಿಡಿಸಿದ ಆಟಗಾರನೊಬ್ಬನಿದ್ದ. ನ್ಯೂಜಿಲೆಂಡಿನ ಆಂಟನಿ ವೈಲ್ಡಿಂಗ್ 1913ರ ಒಂದೇ ವರ್ಷದಲ್ಲಿ ಆವೆಮಣ್ಣು, ಹುಲ್ಲು ಮತ್ತು ಮರದ ಹಲಗೆ ಈ ಮೂರೂ ನೆಲಗಳ ವಿಶ್ವ ಪ್ರಶಸ್ತಿಗಳನ್ನು ಗೆದ್ದ. ಅದಾಗಿ ಎರಡು ವರ್ಷ ತುಂಬುವ ಮೊದಲೇ ಫ್ರಾನ್ಸಿನ ಯುದ್ಧಭೂಮಿಯಲ್ಲಿ ಮಣ್ಣು ಸೇರಿದ. ಟೆನಿಸ್ ಅಭಿಮಾನಿಗಳಲ್ಲೂ ಆತನ ಹೆಸರು ಬಲ್ಲವರು ಇಂದು ವಿರಳ.

ವೈಲ್ಡಿಂಗ್ ಹುಟ್ಟಿದ್ದು 1883ರ ಅಕ್ಟೋಬರ್ 31ರಂದು, ಕ್ರೈಸ್ಟ್‌ಚರ್ಚ್ ನಗರದಲ್ಲಿ. ತಂದೆ ಫ್ರೆಡರಿಕ್ ಹೆಸರಾಂತ ವಕೀಲ. ಟೆನಿಸ್ ಹಾಗೂ ಕ್ರಿಕೆಟ್ ಎರಡರಲ್ಲೂ ನುರಿತವರು. ತಾಯಿ ಜೂಲಿಯಾ ಪಿಯಾನೋ ವಾದಕಿ. ಮನೆಯ ಆವರಣದಲ್ಲೇ ಟೆನಿಸ್ ಅಂಕಣವೂ ಈಜುಕೊಳವೂ ಇದ್ದವು. ಮಗ ಬೆಳೆದದ್ದು ಆಟದ ನಡುವೆಯೇ. ಕ್ಯಾಂಟರ್ಬರಿ ಪರವಾಗಿ ಪ್ರಥಮ ದರ್ಜೆ ಕ್ರಿಕೆಟ್ಟನ್ನೂ ಆಡಿದ ಆತ ಕಾನೂನು ವ್ಯಾಸಂಗಕ್ಕೆಂದು ಇಂಗ್ಲೆಂಡಿಗೆ ಹೊರಟು, ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು ಸೇರಿದ. ವಕೀಲನಾಗುವ ಅರ್ಹತೆಯನ್ನು ಪಡೆದನಾದರೂ ಮನಸ್ಸು ನ್ಯಾಯಾಲಯದಲ್ಲಿ ನಿಲ್ಲಲಿಲ್ಲ.

ಹುಟ್ಟು ಪ್ರತಿಭೆಯೆಂದು ಬೆರಗಾಗಿ ನೋಡುವಂಥ ಆಟ ಆತನದಾಗಿರಲಿಲ್ಲ. ವಿಂಬಲ್ಡನ್ನಿಗೆ ಮೊದಲು ಕಾಲಿಟ್ಟದ್ದು 1904ರಲ್ಲಿ, ಸಿಂಗಲ್ಸ್ ಪ್ರಶಸ್ತಿ ಗೆದ್ದದ್ದು 1910ರಲ್ಲಿ. ನಡುವಿನ ಆರು ವರ್ಷಗಳು ಕಲಿಕೆಯ ವರ್ಷಗಳು. ಮದ್ಯವನ್ನೂ ತಂಬಾಕನ್ನೂ ದೂರವಿಟ್ಟು, ಪಂದ್ಯಕ್ಕೆ ಮುನ್ನ ದೇಹವನ್ನು ಹುರಿಗೊಳಿಸುವುದನ್ನು ಆತ ವ್ರತದಂತೆ ಪಾಲಿಸಿದ. ಟೆನಿಸ್ಸೆಂದರೆ ಮಧ್ಯಾಹ್ನದ ಚಹಾದೊಂದಿಗೆ ಬರುವ ಸಜ್ಜನರ ವಿನೋದವೆಂದು ಬಹುಮಂದಿ ಭಾವಿಸಿದ್ದ ಕಾಲವದು. ವ್ಯಾಯಾಮವನ್ನು ಆಟದ ಅಂಗವಾಗಿಸಿಕೊಂಡವರು ಆಗ ಬೆರಳೆಣಿಕೆಯಷ್ಟು ಜನ.

ಆತನ ಇನ್ನೊಂದು ಹುಚ್ಚು ಮೋಟಾರ್‌ಸೈಕಲ್. ಬ್ರಿಟನ್ನಿನ ಒಂದು ತುದಿಯಾದ ಲ್ಯಾಂಡ್ಸ್ ಎಂಡ್‌ನಿಂದ ಇನ್ನೊಂದು ತುದಿಯಾದ ಜಾನ್ ಓ ಗ್ರೋಟ್ಸ್‌ವರೆಗಿನ 1908ರ ಪರೀಕ್ಷಾ ಸವಾರಿಯಲ್ಲಿ ಚಿನ್ನದ ಪದಕ ಪಡೆದ. ರ್‍ಯಾಕೆಟ್ಟುಗಳನ್ನು ಬಂಡಿಗೆ ಬಿಗಿದುಕೊಂಡು ಯುರೋಪಿನ ಒಂದು ಟೂರ್ನಿಯಿಂದ ಮತ್ತೊಂದಕ್ಕೆ ಸಾಗುತ್ತಿದ್ದ. ಚಳಿಗಾಲದಲ್ಲಿ ಮಾಂಟೆ ಕಾರ್ಲೊ ಮತ್ತಿತರ ರಿವಿಯೆರಾ ಪಟ್ಟಣಗಳ ಮಣ್ಣಿನ ಅಂಕಣಗಳು, ಬೇಸಿಗೆಯಲ್ಲಿ ಇಂಗ್ಲೆಂಡಿನ ಹುಲ್ಲು, ಮಳೆ ಹಿಮಗಳ ದಿನಗಳಲ್ಲಿ ಸೂರಿನಡಿಯ ಮರದ ನೆಲ. ಈ ಅಲೆದಾಟವೇ ಆತನಿಗೆ ಪಾಠಶಾಲೆಯಾಯಿತು.

ನೆಲ ಬದಲಾದರೆ ಆಟ ಏಕೆ ಬದಲಾಗಬೇಕು? ಹುಲ್ಲಿನ ಮೇಲೆ ಬಿದ್ದ ಚೆಂಡಿಗೆ ಘರ್ಷಣೆ ಕಡಿಮೆ. ಅದು ವೇಗ ಕಳೆದುಕೊಳ್ಳದೆ ಜಾರಿಕೊಂಡು ಬರುತ್ತದೆ, ಮೊಣಕಾಲಿನ ಆಸುಪಾಸಿನಲ್ಲೇ ಉಳಿಯುತ್ತದೆ. ಬಿರುಸಿನ ಸರ್ವ್ ಮಾಡಿ ಬಲೆಯತ್ತ ಧಾವಿಸುವವನಿಗೆ ಅಲ್ಲಿ ಲಾಭ. ಆವೆಮಣ್ಣು ಚೆಂಡನ್ನು ಹಿಡಿದು ನಿಧಾನಿಸಿ ಎತ್ತರಕ್ಕೆ ಚಿಮ್ಮಿಸುತ್ತದೆ. ಹುಲ್ಲಿನಲ್ಲಿ ಒಂದೇ ಹೊಡೆತಕ್ಕೆ ಮುಗಿಯಬಹುದಾದ ಅಂಕ ಇಲ್ಲಿ ಹತ್ತಾರು ಹೊಡೆತಗಳಿಗೆ ಹಿಗ್ಗುತ್ತದೆ. ತಾಳ್ಮೆಯೂ ಉಸಿರೂ ಇರುವವನು ಗೆಲ್ಲುತ್ತಾನೆ. ಓಡಿ ನಿಲ್ಲುವ ಬದಲು ಜಾರುತ್ತ ಚೆಂಡನ್ನು ತಲುಪುವುದನ್ನು ಕಾಲುಗಳು ಕಲಿಯಬೇಕು. ನುಣುಪಾದ ಮರದ ಹಲಗೆಯೋ ಹುಲ್ಲಿಗಿಂತ ಚುರುಕು. ಅಲ್ಲಿ ಗಾಳಿಯಿಲ್ಲ, ಬಿಸಿಲಿಲ್ಲ, ಚೆಂಡಿನ ಪುಟಿತದಲ್ಲಿ ಮೋಸವಿಲ್ಲ. ಆದರೆ ಯೋಚಿಸಲು ಸಮಯವೂ ಇಲ್ಲ.

1913ರ ಮಾರ್ಚ್‌ನಲ್ಲಿ ಪ್ಯಾರಿಸ್ಸಿನಲ್ಲಿ ಸ್ಥಾಪನೆಗೊಂಡ ಅಂತರರಾಷ್ಟ್ರೀಯ ಲಾನ್ ಟೆನಿಸ್ ಒಕ್ಕೂಟ ಮೂರು ನೆಲಗಳಿಗೆ ಮೂರು ವಿಶ್ವ ಪ್ರಶಸ್ತಿಗಳನ್ನು ಮಾನ್ಯ ಮಾಡಿತು. ಹುಲ್ಲಿನದು ವಿಂಬಲ್ಡನ್ನಿಗೆ ಸಂದಿತು. ಫ್ರಾನ್ಸಿನದು ಹಾರ್ಡ್ ಕೋರ್ಟ್ ಪ್ರಶಸ್ತಿ. ಹೆಸರು ನೋಡಿ ಇಂದಿನ ಗಟ್ಟಿ ಅಂಕಣವೆಂದು ತಿಳಿಯಬಾರದು. ಹುಲ್ಲಲ್ಲದ ಬಯಲು ಅಂಕಣಗಳನ್ನೆಲ್ಲ ಆಗ ಹಾಗೆಯೇ ಕರೆಯುತ್ತಿದ್ದರು, ಅಲ್ಲಿದ್ದದ್ದು ಆವೆಮಣ್ಣೇ. ಮೂರನೆಯದು ಸೂರಿನಡಿಯ ಮರದ ನೆಲದ್ದು.

ಜೂನ್‌ನಲ್ಲಿ ಪ್ಯಾರಿಸ್ ಸಮೀಪದ ಸೇಂಟ್ ಕ್ಲೂದಲ್ಲಿ ಫ್ರಾನ್ಸಿನ ಆಂದ್ರೆ ಗೊಬೆರ್‌ನನ್ನು ಮಣಿಸಿ ವೈಲ್ಡಿಂಗ್ ಮಣ್ಣಿನ ಪ್ರಶಸ್ತಿ ಗೆದ್ದ. ಅನಂತರ ಎದುರಾದವನು ಕ್ಯಾಲಿಫೋರ್ನಿಯಾದ ಮೊರಿಸ್ ಮೆಕ್‌ಲಾಫ್ಲಿನ್. ಸ್ಯಾನ್‌ಫ್ರಾನ್ಸಿಸ್ಕೊದ ಡಾಂಬರು ಅಂಕಣಗಳಲ್ಲಿ ಪಳಗಿದ ಆ ತರುಣನ ಸರ್ವ್ ಗುಂಡಿನಂತಿತ್ತು. ಹಾಲಿ ಚಾಂಪಿಯನ್ನನು ನೇರವಾಗಿ ಅಂತಿಮ ಪಂದ್ಯವೊಂದನ್ನೇ ಆಡುವ ಪದ್ಧತಿ ವಿಂಬಲ್ಡನ್ನಿನಲ್ಲಿ ಆಗ ಇತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. ಆದರೆ ಆ ಒಂದು ಪಂದ್ಯ ಸುಲಭದ್ದಾಗಿರಲಿಲ್ಲ. ಅಮೆರಿಕನ್ನನ ಬ್ಯಾಕ್‌ಹ್ಯಾಂಡ್ ದೌರ್ಬಲ್ಯವನ್ನು ಕೆದಕುತ್ತ ವೈಲ್ಡಿಂಗ್ 8-6, 6-3, 10-8ರಿಂದ ಗೆದ್ದ. ಅದು ಆತನ ಸತತ ನಾಲ್ಕನೆಯ ವಿಂಬಲ್ಡನ್ ಕಿರೀಟ.

ಉಳಿದದ್ದು ಮರದ ನೆಲ. ಹಿಂದಿನ ವರ್ಷ, 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನ ಒಳಾಂಗಣ ಟೆನಿಸ್‌ನಲ್ಲಿ ಆತನಿಗೆ ದಕ್ಕಿದ್ದು ಕಂಚು ಮಾತ್ರ. 1913ರ ಅಕ್ಟೋಬರ್‌ನಲ್ಲಿ ಅದೇ ಸ್ಟಾಕ್‌ಹೋಮ್‌ಗೆ ಮರಳಿ, ಫ್ರಾನ್ಸಿನ ಮೊರಿಸ್ ಜೆರ್ಮೊನನ್ನು ಸೋಲಿಸಿ ಮೂರನೆಯ ಪ್ರಶಸ್ತಿಯನ್ನೂ ಪಡೆದ. ಈ ವಿಶ್ವ ಪ್ರಶಸ್ತಿಗಳು 1923ರವರೆಗೆ ನಡೆದವು. 1921ರಲ್ಲಿ ಬಿಲ್ ಟಿಲ್ಡನ್ ಮಣ್ಣಿನಲ್ಲೂ ಹುಲ್ಲಿನಲ್ಲೂ ಗೆದ್ದ. 1922ರಲ್ಲಿ ಆನ್ರಿ ಕೊಶೆ ಮಣ್ಣಿನಲ್ಲೂ ಮರದ ಮೇಲೂ ಗೆದ್ದ. ಮೂರನ್ನೂ ಒಂದೇ ವರ್ಷ ಗೆದ್ದ ಪುರುಷ ವೈಲ್ಡಿಂಗ್ ಒಬ್ಬನೇ.

1914ರಲ್ಲಿ ಮಣ್ಣಿನ ಪ್ರಶಸ್ತಿ ಆತನಲ್ಲೇ ಉಳಿಯಿತು. ವಿಂಬಲ್ಡನ್ ಕೈತಪ್ಪಿತು. ಸೋಲಿಸಿದವನು ಆಸ್ಟ್ರೇಲಿಯಾದ ನಾರ್ಮನ್ ಬ್ರೂಕ್ಸ್, ಆತನ ಆಪ್ತ ಸಂಗಾತಿ. ಡಬಲ್ಸ್‌ನಲ್ಲಿ ಇಬ್ಬರೂ ಜೊತೆಯಾಗಿ ಆಡಿ ಅದೇ ವರ್ಷ ಪ್ರಶಸ್ತಿ ಗೆದ್ದರು. ಬಳಿಕ ಇಬ್ಬರೂ ಆಸ್ಟ್ರಲೇಷ್ಯಾ ತಂಡದ ಪರವಾಗಿ ಡೇವಿಸ್ ಕಪ್ ಆಡಲು ಅಮೆರಿಕಕ್ಕೆ ತೆರಳಿದರು. ಪಿಟ್ಸ್‌ಬರ್ಗ್‌ನಲ್ಲಿ ಎದುರಾಳಿ ಜರ್ಮನಿ. ಆ ಪಂದ್ಯಗಳು ಮುಗಿಯುವ ಹೊತ್ತಿಗೆ ಯುರೋಪಿನಲ್ಲಿ ಯುದ್ಧ ಶುರುವಾಗಿತ್ತು. ಊರಿಗೆ ಮರಳುತ್ತಿದ್ದ ಜರ್ಮನ್ ಆಟಗಾರರಾದ ಫ್ರಾಯಿಟ್ಸ್‌ಹೈಮ್ ಮತ್ತು ಕ್ರೊಯಿಟ್ಸರ್ ಹಡಗಿನಲ್ಲೇ ಬ್ರಿಟಿಷರ ಸೆರೆಯಾಳುಗಳಾದರು. ಆಗಸ್ಟ್‌ನಲ್ಲಿ ಫಾರೆಸ್ಟ್ ಹಿಲ್ಸ್‌ನಲ್ಲಿ ಅಮೆರಿಕವನ್ನು 3-2ರಿಂದ ಸೋಲಿಸಿ ಕಪ್ ಗೆದ್ದ ವೈಲ್ಡಿಂಗ್ ಇಂಗ್ಲೆಂಡಿಗೆ ಬಂದು ಸೇನೆ ಸೇರಿದ.

ಮೋಟಾರು ವಾಹನಗಳ ಬಗೆಗಿನ ಆತನ ಪರಿಣತಿಯನ್ನು ಸೇನೆ ಬಳಸಿಕೊಂಡಿತು. ಉಕ್ಕಿನ ಕವಚ ತೊಡಿಸಿದ ಕಾರುಗಳ ದಳದಲ್ಲಿ ಅಧಿಕಾರಿಯಾಗಿ ಉತ್ತರ ಫ್ರಾನ್ಸಿನ ನವ್ ಶಪೆಲ್ ಗ್ರಾಮದ ಬಳಿಗೆ ಬಂದ. ಅಲ್ಲಿಯದು ತಗ್ಗು ನೆಲ. ಸ್ವಲ್ಪ ಅಗೆದರೂ ನೀರು ಜಿನುಗುತ್ತಿದ್ದುದರಿಂದ ಆಳವಾದ ಕಂದಕ ತೋಡುವಂತಿರಲಿಲ್ಲ. 1915ರ ಮೇ 9ರಂದು ಬ್ರಿಟಿಷ್ ಸೇನೆ ಓಬೇರ್ ದಿಬ್ಬದ ಮೇಲೆ ದಾಳಿ ಮಾಡಿತು. ಆ ಒಂದೇ ದಿನ ಬ್ರಿಟಿಷರ ಕಡೆ ಸತ್ತವರು, ಗಾಯಗೊಂಡವರು ಮತ್ತು ಕಾಣೆಯಾದವರ ಸಂಖ್ಯೆ 11,000 ದಾಟಿತು. ಸಂಜೆಯ ಹೊತ್ತಿಗೆ ವೈಲ್ಡಿಂಗ್ ಆಶ್ರಯ ಪಡೆದಿದ್ದ ನೆಲಗೂಡಿನ ಮೇಲೆ ಫಿರಂಗಿ ಗುಂಡೊಂದು ಬಿತ್ತು. ಆತನಿಗೆ ಆಗ 31 ವರ್ಷ.

ಆ ದಾಳಿಯಲ್ಲಿ ಭಾರತೀಯ ಪಡೆಗಳೂ ಇದ್ದವು. ಫ್ರಾನ್ಸ್ ಮತ್ತು ಬೆಲ್ಜಿಯಂನಲ್ಲಿ ಮಡಿದು ಸಮಾಧಿಯ ಗುರುತೂ ಉಳಿಯದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳನ್ನು ಕೆತ್ತಿದ ಸ್ಮಾರಕ 1927ರಿಂದ ಅದೇ ನವ್ ಶಪೆಲ್‌ನಲ್ಲಿದೆ. ವೈಲ್ಡಿಂಗ್‌ಗೆ ಸಮೀಪದಲ್ಲೇ ಒಂದು ಸಮಾಧಿಯಾದರೂ ದಕ್ಕಿತು. 1978ರಲ್ಲಿ ಅಂತರರಾಷ್ಟ್ರೀಯ ಟೆನಿಸ್‌ನ ಗೌರವ ಮಂದಿರದಲ್ಲಿ ಸ್ಥಾನವೂ ಸಿಕ್ಕಿತು.

ಇಂದು ನೆಲಗಳ ನಡುವಿನ ಅಂತರ ಕಿರಿದಾಗಿದೆ ಎನ್ನುವವರಿದ್ದಾರೆ. 2001ರಲ್ಲಿ ವಿಂಬಲ್ಡನ್ ಪೂರ್ತಿಯಾಗಿ ರೈ ಜಾತಿಯ ಹುಲ್ಲಿಗೆ ಬದಲಾದ ಮೇಲೆ ಅಲ್ಲಿಯೂ ಚೆಂಡು ಕೊಂಚ ಎತ್ತರಕ್ಕೆ ಪುಟಿಯತೊಡಗಿತು. 1980ರಲ್ಲಿ ಬ್ಯೋರ್ನ್ ಬೋರ್ಗ್ ಪ್ಯಾರಿಸ್ ಮತ್ತು ವಿಂಬಲ್ಡನ್ ಎರಡನ್ನೂ ಗೆದ್ದ ಬಳಿಕ ಪುರುಷರಲ್ಲಿ ಮತ್ತೊಬ್ಬರು ಆ ಸಾಧನೆ ಮಾಡಲು 28 ವರ್ಷ ಬೇಕಾಯಿತು. 2008ರಲ್ಲಿ ನಡಾಲ್ ಗೆದ್ದ ಮೇಲೆ 2009ರಲ್ಲಿ ಫೆಡರರ್, 2010ರಲ್ಲಿ ಮತ್ತೆ ನಡಾಲ್, 2021ರಲ್ಲಿ ಜೊಕೊವಿಚ್, 2024ರಲ್ಲಿ ಅಲ್ಕರಾಜ್ ಇದನ್ನು ಸಾಧಿಸಿದರು. ಇವರ ಹಿರಿಮೆಯನ್ನು ಹುಲ್ಲಿನ ಲೆಕ್ಕಕ್ಕೆ ಜಮಾ ಮಾಡುವುದು ತಪ್ಪಾದೀತು. ಆದರೂ ಬದಲಾಗದ ನೆಲಗಳಿಗೆ ತಾನೇ ಬದಲಾದ ವೈಲ್ಡಿಂಗನನ್ನು ಅವರ ಸಾಲಿನ ಆರಂಭದಲ್ಲಿ ನೆನೆಯುವುದು ನ್ಯಾಯ.

ಗೆದ್ದ ನೆಲದಲ್ಲೇ ಮತ್ತೆ ಮತ್ತೆ ಗೆಲ್ಲುವ ಸುಖವನ್ನು ಆತ ಆರಿಸಿಕೊಳ್ಳಬಹುದಿತ್ತು. ಅದರ ಬದಲು ಸೋತ ನೆಲಕ್ಕೆ ಮರಳಿ ಹೋಗಿ ಕಲಿತ. ಇನ್ನಷ್ಟು ಕಲಿಯುವ ವಯಸ್ಸಿನ್ನೂ ಇತ್ತು. ನವ್ ಶಪೆಲ್‌ನ ಆ ಸಂಜೆ ಅದಕ್ಕೆ ಅವಕಾಶ ಕೊಡಲಿಲ್ಲ.