ಓತಿಕೇತದ ಒಡವೆಯೂ ಡಾರ್ವಿನ್ನನ ಹಟವೂ

ಚಾರ್ಲ್ಸ್ ಡಾರ್ವಿನ್ನನ ಹೆಸರು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಬಹು ಮಂದಿಗೆ ಮಂಗನಿಂದ ಮಾನವನೆಂಬ ಮಾತೊಂದೇ ನೆನಪಾಗುತ್ತದೆ. ಓತಿಕೇತದಂಥ ಅಲ್ಪಪ್ರಾಣಿಯ ಪ್ರಣಯವನ್ನು ಕುರಿತು ಆತನು ಗಾಢವಾಗಿ ಚಿಂತಿಸಿದ್ದನೆಂಬುದನ್ನೂ, ಆ ಓತಿಕೇತಗಳಲ್ಲೊಂದು ನಮ್ಮ ದೇಶದ್ದೇ ಎಂಬುದನ್ನೂ ಬಲ್ಲವರು ವಿರಳ.

1809ರ ಫೆಬ್ರವರಿ 12ರಂದು ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ಹುಟ್ಟಿದ ಡಾರ್ವಿನ್ನನು ಎಂಟನೆಯ ವಯಸ್ಸಿನಲ್ಲಿಯೇ ತಾಯಿಯನ್ನು ಕಳೆದುಕೊಂಡನು. ವೈದ್ಯನಾಗಿದ್ದ ತಂದೆ ಮಗನನ್ನೂ ವೈದ್ಯನನ್ನಾಗಿಸಲು ಎಡಿನ್‌ಬರೋಗೆ ಕಳುಹಿಸಿದನು. ಅರಿವಳಿಕೆಯಿಲ್ಲದೆ ನಡೆಯುತ್ತಿದ್ದ ಅಂದಿನ ಶಸ್ತ್ರಚಿಕಿತ್ಸೆಯನ್ನು ನೋಡಲಾರದೆ ಹುಡುಗ ಹೊರಗೋಡಿದನು. ಪಾದ್ರಿಯಾಗಲೆಂದು ಕೇಂಬ್ರಿಜ್ಜಿಗೆ ಕಳುಹಿಸಿದರೆ ಅಲ್ಲಿ ಜೀರುಂಡೆಗಳ ಸಂಗ್ರಹದಲ್ಲಿ ಮೈಮರೆತನು. ಕೊನೆಗೆ 1831ರ ಡಿಸೆಂಬರಿನಲ್ಲಿ ಬೀಗಲ್ ನೌಕೆಯನ್ನೇರಿ, ಐದು ವರ್ಷಗಳ ಕಾಲ ಭೂಮಂಡಲವನ್ನು ಸುತ್ತಿದನು.

1835ರಲ್ಲಿ ಗ್ಯಾಲಪಗಾಸ್ ದ್ವೀಪಗಳ ಕಪ್ಪು ಬಂಡೆಗಳ ಮೇಲೆ, ಕಡಲಿಗಿಳಿದು ಪಾಚಿಯನ್ನು ಮೇಯುವ ದೊಡ್ಡ ಓತಿಗಳನ್ನು ಆತನು ಕಂಡನು. ಒಂದನ್ನು ಹಿಡಿದು ಮತ್ತೆ ಮತ್ತೆ ನೀರಿಗೆಸೆದನು. ಅದು ಎಸೆದ ಪ್ರತಿಸಲವೂ ಎಸೆದವನ ಬಳಿಗೇ ಈಜಿ ಬಂದಿತು. ಅದು ಮೊಟ್ಟೆಯಿಡುವುದೆಲ್ಲಿ ಎಂದು ದ್ವೀಪವಾಸಿಗಳನ್ನು ವಿಚಾರಿಸಿದನು. ನೆಲದ ಓತಿಯ ಮೊಟ್ಟೆಗಳನ್ನು ಚೆನ್ನಾಗಿ ಬಲ್ಲವರಿಗೂ ಕಡಲ ಓತಿಯ ಸಂತಾನದ ಸಂಗತಿ ತಿಳಿದಿರಲಿಲ್ಲ. ಹಾಗೆಂದೇ ಬರೆದಿಟ್ಟನು, ಊಹಿಸಿ ತುಂಬಲಿಲ್ಲ. ಈ ಸಂಯಮವನ್ನು ನಾನು ಆತನ ಮೇಧಾಶಕ್ತಿಗಿಂತಲೂ ಮಿಗಿಲಾಗಿ ಮೆಚ್ಚುತ್ತೇನೆ.

ಊರಿಗೆ ಮರಳಿದ ಮೇಲೆ, ಮದುವೆಯಿಂದಾಗುವ ಲಾಭನಷ್ಟಗಳನ್ನು ಕಾಗದದ ಮೇಲೆ ಪಟ್ಟಿಮಾಡಿ ತೂಗಿ, 1839ರಲ್ಲಿ ಸೋದರಮಾವನ ಮಗಳಾದ ಎಮ್ಮಾಳ ಕೈಹಿಡಿದನು. ನಮ್ಮವರಿಗೆ ಇದರಲ್ಲಿ ವಿಶೇಷವೇನೂ ಕಾಣದು. ಹುಟ್ಟಿದ ಹತ್ತು ಮಕ್ಕಳಲ್ಲಿ ಮೂವರು ಎಳವೆಯಲ್ಲಿಯೇ ತೀರಿಕೊಂಡರು. 1851ರಲ್ಲಿ ಹತ್ತು ವರ್ಷದ ಆನಿ ಹೋದಾಗ ಆತನ ಎದೆ ಒಡೆಯಿತು. ರಕ್ತಸಂಬಂಧದ ಮದುವೆಯೇ ಇದಕ್ಕೆ ಕಾರಣವೋ ಎಂಬ ಶಂಕೆ ಕೊನೆಯವರೆಗೂ ಕಾಡಿತು. 1871ರ ಜನಗಣತಿಯಲ್ಲಿ ಈ ಬಗೆಯ ವಿವಾಹಗಳ ಲೆಕ್ಕವನ್ನೂ ಕೇಳಬೇಕೆಂದು ಮಿತ್ರರ ಮೂಲಕ ಪ್ರಯತ್ನಿಸಿದನು, ಪಾರ್ಲಿಮೆಂಟು ಒಪ್ಪಲಿಲ್ಲ. ಸಂತಾನದ ಪ್ರಶ್ನೆ ಆತನಿಗೆ ಬರಿಯ ಗ್ರಂಥದ ಪ್ರಶ್ನೆಯಾಗಿರಲಿಲ್ಲ.

ಗ್ರಂಥದೊಳಗೂ ಅದು ಮುಳ್ಳಾಗಿಯೇ ಇದ್ದಿತು. ಬದುಕಿಗೆ ನೆರವಾಗುವ ಗುಣಗಳು ಉಳಿದು ಬೆಳೆಯುತ್ತವೆ ಎಂದು 1859ರ ಮಹಾಗ್ರಂಥದಲ್ಲಿ ಸಾರಿದವನಿಗೆ ನವಿಲಿನ ಗರಿಯನ್ನು ಕಂಡರೆ ಮೈ ಸರಿಯಿಲ್ಲದಂತಾಗುತ್ತಿತ್ತು. ಹಾಗೆಂದು 1860ರಲ್ಲಿ ಅಮೆರಿಕದ ಸಸ್ಯಶಾಸ್ತ್ರಜ್ಞ ಏಸಾ ಗ್ರೇಗೆ ಪತ್ರ ಬರೆದನು. ಶತ್ರುವಿನ ಕಣ್ಣಿಗೆ ಬೀಳಿಸುವ ಈ ಭಾರವಾದ ಒಡವೆ ಯಾವ ಬದುಕಿಗೆ ನೆರವು? ನಮ್ಮ ಕವಿಗಳು ನವಿಲನ್ನು ಸಾವಿರ ಸಲ ಕುಣಿಸಿದರು. ಹೆಣ್ಣಿಗೇಕೆ ಆ ಗರಿಯಿಲ್ಲವೆಂದು ಕೇಳುವ ಗೋಜಿಗೆ ಹೋಗಲಿಲ್ಲ.

1871ರಲ್ಲಿ ಮಾನವನ ಉಗಮವನ್ನು ಕುರಿತ ಗ್ರಂಥದಲ್ಲಿ ಡಾರ್ವಿನ್ನನು ಉತ್ತರ ಕೊಟ್ಟನು. ಹೆಣ್ಣು ಆಯುತ್ತದೆ, ತಲೆತಲಾಂತರಗಳಿಂದ ಅದು ಮೆಚ್ಚಿದ ಗಂಡುಗಳ ಸೊಬಗೇ ಸಂತತಿಯಲ್ಲಿ ಉಳಿದು ಹೆಚ್ಚಿತು. ಸಾಕ್ಷ್ಯಕ್ಕಾಗಿ ಹಕ್ಕಿ, ಮೀನು, ಕೀಟಗಳನ್ನೆಲ್ಲ ಕರೆತಂದನು. ಅವುಗಳೊಡನೆ ಭಾರತದ ಸಿಟಾನವೆಂಬ ಪುಟ್ಟ ಓತಿಕೇತವೂ ಬಂದಿತು. ಗಂಡಿನ ಗಂಟಲಿನಡಿ ಬೀಸಣಿಗೆಯಂತೆ ಮಡಿಸಿ ಬಿಚ್ಚುವ ಚರ್ಮದ ಚೀಲ. ಅದರಲ್ಲಿ ನೀಲಿ, ಕಪ್ಪು, ಕೆಂಪು. ಬೆದೆಗಾಲ ಕಳೆದರೆ ಆ ಬಣ್ಣಗಳಿಲ್ಲ. ಹೆಣ್ಣಿಗೆ ಚೀಲದ ಕುರುಹೂ ಇಲ್ಲ. ಡಾರ್ವಿನ್ನನು ಭಾರತಕ್ಕೆ ಬಂದವನಲ್ಲ. 1864ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಗುಂಥರನು ಪ್ರಕಟಿಸಿದ ಸರೀಸೃಪಗಳ ಗ್ರಂಥದಿಂದ ಈ ವಿವರಗಳನ್ನು ಪಡೆದನು.

ಲೋಕ ಒಪ್ಪಲಿಲ್ಲ. ಹೆಣ್ಣಿನ ಚಂಚಲವಾದ ಅಭಿರುಚಿಯಿಂದ ಸ್ಥಿರವಾದ ವರ್ಣವಿನ್ಯಾಸ ಮೂಡುವುದುಂಟೆ ಎಂದು ಮೈವಾರ್ಟನು ಜರೆದನು. ವಿಕಾಸತತ್ತ್ವವನ್ನು ಸ್ವತಂತ್ರವಾಗಿ ಕಂಡುಕೊಂಡಿದ್ದ ವಾಲೆಸನೂ ಈ ಒಂದು ವಿಷಯದಲ್ಲಿ ದೂರ ಸರಿದನು. ಮಿತ್ರನ ವಿರೋಧ ಡಾರ್ವಿನ್ನನಿಗೆ ನೋವನ್ನುಂಟುಮಾಡಿತಾದರೂ ಆತನ ಮನಸ್ಸು ಕದಲಲಿಲ್ಲ. 1882ರ ಏಪ್ರಿಲ್ 18ರಂದು ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದಲ್ಲಿ ಸಿರಿಯಾದ ಬೀದಿನಾಯಿಗಳನ್ನು ಕುರಿತ ಲೇಖನವೊಂದನ್ನು ಓದಲಾಯಿತು. ಅದಕ್ಕೆ ಡಾರ್ವಿನ್ನನು ಬರೆದಿದ್ದ ಮುನ್ನುಡಿಯಲ್ಲಿ, ಈ ತತ್ತ್ವದಲ್ಲಿ ತನ್ನ ನಂಬಿಕೆ ಅಚಲವೆಂಬ ಮಾತಿದ್ದಿತು. ಮರುದಿನ ಡೌನ್ ಗ್ರಾಮದ ಮನೆಯಲ್ಲಿ ಆತನು ಕಣ್ಣುಮುಚ್ಚಿದನು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿಯಾಯಿತು.

ಹೆಣ್ಣಿನ ಆಯ್ಕೆಯ ತತ್ತ್ವ ವಿಜ್ಞಾನಿಗಳ ನಡುವೆ ಮನ್ನಣೆ ಪಡೆಯಲು ಸುಮಾರು ನೂರು ವರ್ಷಗಳೇ ಹಿಡಿದವು. ಸಿಟಾನಗಳನ್ನು ಮತ್ತೆ ಪರಿಶೀಲಿಸಿದ ಭಾರತೀಯ ಸಂಶೋಧಕರು ದೊಡ್ಡ ಬೀಸಣಿಗೆಯವನ್ನು 2016ರಲ್ಲಿ ಬೇರೊಂದು ಕುಲವಾಗಿ ವಿಂಗಡಿಸಿ, ಮರಾಠಿಯಲ್ಲಿ ಓತಿಯ ಹೆಸರಾದ ಸರಡಾ ಎಂಬುದನ್ನೇ ಅದಕ್ಕಿಟ್ಟರು. ಸಂಸ್ಕೃತದ ಸರಟವನ್ನು ಬಲ್ಲವರಿಗೆ ಇದು ಹೊಸ ಶಬ್ದವಲ್ಲ. ಆ ಕುಲದಲ್ಲಿ ಉತ್ತರ ಕರ್ನಾಟಕದ ಬಯಲುಗಳಲ್ಲಿ ವಾಸಿಸುವ ಒಂದು ಪ್ರಭೇದಕ್ಕೆ ಸರಡಾ ಡಾರ್ವಿನಿ ಎಂದು ಹೆಸರಾಯಿತು. ಬೇಸಗೆಯ ಬಿಸಿಲಿನಲ್ಲಿ ಅದರ ಗಂಡು ಕಲ್ಲಿನ ಮೇಲೇರಿ, ಕತ್ತೆತ್ತಿ, ಬೀಸಣಿಗೆಯನ್ನು ಬಿಚ್ಚಿ ಬಿಚ್ಚಿ ಮುಚ್ಚುತ್ತದೆ. ಮಣ್ಣಿನ ಬಣ್ಣದ ಹೆಣ್ಣು ಅಲ್ಲಿಯೇ ಎಲ್ಲೋ ಇರುತ್ತದೆ.