ಅಕ್ಷರತಪಸ್ವಿನಿ ರಾಸಸುಂದರೀ ದೇವಿ

ಗ್ರಂಥರಚನೆಗೆ ಏಕಾಂತ ಬೇಕು, ವಿರಾಮ ಬೇಕು, ನಿಶ್ಚಿಂತವಾದ ಮನಸ್ಸು ಬೇಕು ಎಂಬುದು ಲೋಕದ ಅಭಿಪ್ರಾಯ. ಮಕ್ಕಳೊಂದಿಗಳಾದ ತಾಯಿಗೆ ಈ ಮೂರೂ ದುರ್ಲಭ. ಹನ್ನೆರಡು ಮಕ್ಕಳನ್ನು ಹೆತ್ತು, ದೊಡ್ಡ ಸಂಸಾರದ ಭಾರವನ್ನು ಹೊತ್ತು, ಅದರ ನಡುವೆಯೇ ಅಕ್ಷರವನ್ನು ಸಾಧಿಸಿ ಗ್ರಂಥಕರ್ತ್ರಿಯಾದ ಮಹಾತಾಯಿಯೊಬ್ಬರು ಹತ್ತೊಂಬತ್ತನೆಯ ಶತಮಾನದಲ್ಲಿ ವಂಗದೇಶದಲ್ಲಿ ಬಾಳಿದರು. ಅವರೇ ರಾಸಸುಂದರೀ ದೇವಿ.

ಇಂದಿನ ಬಾಂಗ್ಲಾದೇಶಕ್ಕೆ ಸೇರಿದ ಪಾಬನಾ ಪ್ರಾಂತದ ಪೋತಾಜಿಯಾ ಗ್ರಾಮದಲ್ಲಿ ೧೮೦೯ರ ಸುಮಾರಿಗೆ ಅವರ ಜನನವಾಯಿತು. ತಂದೆಯನ್ನು ಎಳವೆಯಲ್ಲಿಯೇ ಕಳೆದುಕೊಂಡರು. ತವರುಮನೆಯ ಹೊರಭಾಗದಲ್ಲಿ ಹುಡುಗರಿಗಾಗಿ ಒಂದು ಪಾಠಶಾಲೆ ನಡೆಯುತ್ತಿತ್ತು. ಬಾಲಕಿಯನ್ನು ಅಲ್ಲಿ ಸುಮ್ಮನೆ ಕುಳ್ಳಿರಿಸುತ್ತಿದ್ದರು. ಆಕೆಗೆ ಕಲಿಸುವ ಉದ್ದೇಶ ಯಾರಿಗೂ ಇರಲಿಲ್ಲ. ಹುಡುಗರು ಗಟ್ಟಿಯಾಗಿ ಹೇಳುತ್ತಿದ್ದ ಅಕ್ಷರಗಳನ್ನು ಆಕೆ ಕೇಳಿ ಕೇಳಿಯೇ ಮನಸ್ಸಿನಲ್ಲಿ ಇಟ್ಟುಕೊಂಡಳು. ಮನೆಗೆ ಬೆಂಕಿ ಬಿದ್ದ ಮೇಲೆ ಆ ಪಾಠಶಾಲೆಯೂ ನಿಂತಿತು.

ಹನ್ನೆರಡನೆಯ ವಯಸ್ಸಿನಲ್ಲಿ ರಾಮದಿಯಾ ಗ್ರಾಮದ ಸ್ಥಿತಿವಂತ ಮನೆತನಕ್ಕೆ ಸೊಸೆಯಾಗಿ ಬಂದರು. ಅತ್ತೆಯವರು ಕಾಯಿಲೆಯಿಂದ ದೃಷ್ಟಿ ಕಳೆದುಕೊಂಡಾಗ ಗೃಹಕೃತ್ಯವೆಲ್ಲ ಎಳೆಯ ಸೊಸೆಯ ಮೇಲೆ ಬಿದ್ದಿತು. ದೇವರ ನೈವೇದ್ಯ, ಅತಿಥಿಗಳ ಉಪಚಾರ, ದಿನಕ್ಕೆರಡು ಹೊತ್ತು ಇಪ್ಪತ್ತೈದು ಜನರ ಅಡುಗೆ. ಹದಿನೆಂಟನೆಯ ವಯಸ್ಸಿನಲ್ಲಿ ಮೊದಲ ಮಗು. ನಲವತ್ತೊಂದನೆಯ ವಯಸ್ಸಿನಲ್ಲಿ ಕಡೆಯದು. ಬೆಳಗಿನಿಂದ ನಡುರಾತ್ರಿಯವರೆಗೆ ಬಿಡುವಿಲ್ಲದ ದುಡಿಮೆ. ಬಡಿಸಿದ ತಟ್ಟೆಯ ಮುಂದೆ ಕುಳಿತಾಗ ಮಗು ಅತ್ತರೆ ಅಥವಾ ಅತಿಥಿ ಬಂದರೆ ಊಟವೇ ತಪ್ಪುತ್ತಿತ್ತು. ಹೀಗೆ ಎರಡು ದಿನ ಉಪವಾಸವಿದ್ದುದೂ ಉಂಟು. ಮನೆಯವರಾರಿಗೂ ಅದು ತಿಳಿಯಲಿಲ್ಲ.

ಇಂತಹ ಬಾಳಿನಲ್ಲಿ ಅವರಿಗೆ ಒಂದು ಹಂಬಲ ಹುಟ್ಟಿತು: ಧರ್ಮಗ್ರಂಥವನ್ನು ತಾನೇ ಓದಬೇಕು. ಓದಿದ ಹೆಣ್ಣು ವಿಧವೆಯಾಗುತ್ತಾಳೆಂದು ನಂಬಿದ್ದ ಕಾಲವದು. ಹೆಣ್ಣಿನ ಕೈಯಲ್ಲಿ ಕಾಗದ ಕಂಡರೂ ಹಿರಿಯರು ನಿಂದಿಸುತ್ತಿದ್ದರು. ಒಂದು ದಿನ ಪತಿಯು ಚೈತನ್ಯಭಾಗವತದ ಹೊತ್ತಗೆಯನ್ನು ಒಳಗೆ ಇಟ್ಟುಹೋದಾಗ, ಅದರಿಂದ ಒಂದೇ ಒಂದು ಹಾಳೆಯನ್ನು ತೆಗೆದು ಬಚ್ಚಿಟ್ಟರು. ಹಿರಿಯ ಮಗನು ಅಕ್ಷರ ತಿದ್ದುತ್ತಿದ್ದ ತಾಳೆಯೋಲೆಯೊಂದನ್ನೂ ಎತ್ತಿಟ್ಟುಕೊಂಡರು. ಆಗ ಅವರಿಗೆ ಇಪ್ಪತ್ತೈದು ದಾಟಿತ್ತು. ಅಡುಗೆ ಮಾಡುತ್ತಲೇ ಎಡಗೈಯಲ್ಲಿ ಹಾಳೆಯನ್ನು ಹಿಡಿದು, ಸೆರಗಿನ ಮರೆಯಲ್ಲಿ ನೋಡುವರು. ಓಲೆಯ ಅಕ್ಷರವನ್ನು ಹಾಳೆಯ ಅಕ್ಷರದೊಡನೆ, ಅದನ್ನು ಬಾಲ್ಯದಲ್ಲಿ ಕೇಳಿದ ಧ್ವನಿಯೊಡನೆ ಹೊಂದಿಸುವರು. ಬಹುಕಾಲದ ಶ್ರಮದ ಬಳಿಕ ಓದು ಕೈಗೂಡಿತು. ಮುಂದೆ ಮನೆಯ ವಿಧವೆ ನಾದಿನಿಯರಿಗೆ ಈ ಗುಟ್ಟು ತಿಳಿದಾಗ ಅವರು ಗದರಿಸಲಿಲ್ಲ. ತಮಗೂ ಕಲಿಸಬೇಕೆಂದು ಕೇಳಿಕೊಂಡರು.

ಆದರೆ ಬರವಣಿಗೆ ಇನ್ನೂ ಅನೇಕ ವರ್ಷ ದೂರವೇ ಉಳಿಯಿತು. ಓದನ್ನು ಮರೆಮಾಡಬಹುದು, ಬರೆಯುವುದಕ್ಕೆ ಕಾಗದ, ಲೇಖನಿ, ಮಸಿಗಳನ್ನು ಮುಂದಿಟ್ಟುಕೊಂಡು ಒಂದೆಡೆ ಕುಳಿತುಕೊಳ್ಳಬೇಕು. ಮಕ್ಕಳ ತಾಯಿಗೆ ಆ ಕುಳಿತುಕೊಳ್ಳುವ ಗಳಿಗೆಯೇ ಇರಲಿಲ್ಲ. ಕಲಕತ್ತೆಯಲ್ಲಿ ಓದುತ್ತಿದ್ದ ಮಗ ಕಿಶೋರಿಲಾಲನು, ತನ್ನ ಪತ್ರಗಳಿಗೆ ತಾಯಿಯ ಉತ್ತರ ಬರುವುದಿಲ್ಲವೆಂದು ನೊಂದು, ಬರೆಯುವ ಸಾಮಗ್ರಿಯನ್ನೆಲ್ಲ ತಾನೇ ತಂದುಕೊಟ್ಟನು. ಪತಿಯ ಚಿಕಿತ್ಸೆಗಾಗಿ ಕೆಲವು ಕಾಲ ಬೇರೆ ಊರಿನಲ್ಲಿರಬೇಕಾಗಿ ಬಂದಾಗ ಮನೆಗೆಲಸ ತುಸು ಹಗುರವಾಯಿತು. ಆ ಅಲ್ಪ ಬಿಡುವಿನಲ್ಲಿಯೇ ಅವರು ಬರೆಯಲು ಕಲಿತರು.

ಐವತ್ತೊಂಬತ್ತನೆಯ ವಯಸ್ಸಿನಲ್ಲಿ ವೈಧವ್ಯ ಬಂದಿತು. ಹಲವು ಮಕ್ಕಳು ಕಣ್ಣೆದುರಿಗೇ ಅಗಲಿದ್ದರು. ಈ ನೋವುಗಳನ್ನೆಲ್ಲ ಒಳಗೊಂಡ ಅವರ ಆತ್ಮಕಥೆ ‘ಆಮಾರ ಜೀವನ’ವು ೧೮೭೬ರಲ್ಲಿ ಪ್ರಕಟವಾಯಿತು. ಬಂಗಾಳಿಯಲ್ಲಿ ಮಹಿಳೆಯೊಬ್ಬರು ಬರೆದ ಮೊದಲ ಆತ್ಮಕಥೆಯೆಂದು ಅದು ಮಾನ್ಯವಾಗಿದೆ. ಗದ್ಯದ ಒಂದೊಂದು ಅಧ್ಯಾಯಕ್ಕೂ ಮೊದಲು ಅವರು ಸ್ವತಃ ರಚಿಸಿದ ಪ್ರಾರ್ಥನಾಪದ್ಯವಿದೆ. ಎಂಬತ್ತೆಂಟನೆಯ ವಯಸ್ಸಿನಲ್ಲಿ ಅದಕ್ಕೆ ಎರಡನೆಯ ಭಾಗವನ್ನೂ ಸೇರಿಸಿದರು. ಜ್ಯೋತಿರಿಂದ್ರನಾಥ ಠಾಕೂರರು ಆ ಕೃತಿಗೆ ಮುನ್ನುಡಿ ಬರೆದರು. ೧೮೯೯ರಲ್ಲಿ ರಾಸಸುಂದರೀ ದೇವಿಯವರು ದೈವಾಧೀನರಾದರು.

ತಾಯ್ತನದ ದುಡಿಮೆಯೇ ಅವರ ಕೃತಿಗೆ ವಸ್ತುವಾಯಿತು. ಮಗನ ಓಲೆ ಓದು ಕಲಿಸಿತು. ಮತ್ತೊಬ್ಬ ಮಗನ ಒತ್ತಾಯ ಬರೆಸಿತು. ಆದರೂ ಆ ಹಾಳೆಯಿಂದ ಗ್ರಂಥದವರೆಗೆ ನಲವತ್ತು ವರ್ಷಗಳೇ ಹಿಡಿದವೆಂಬುದನ್ನು ಮರೆಯಲಾಗದು. ಅವರ ಸಹನೆಯನ್ನು ಕೊಂಡಾಡುವಾಗ, ಆ ಕಾಲಹರಣಕ್ಕೆ ಕಾರಣವಾದ ಮನೆಯ ಕಟ್ಟುಪಾಡನ್ನು ಕೊಂಡಾಡಬಾರದು. ಕಾಯಕದ ನಡುವೆಯೇ ವಚನ ರಚಿಸಿದ ಆಯ್ದಕ್ಕಿ ಲಕ್ಕಮ್ಮನಂತಹ ಶರಣೆಯರನ್ನು ಪೂಜ್ಯಭಾವದಿಂದ ನೆನೆಯುವ ನಾವು ಇದನ್ನು ಬೇಗ ಅರಿಯಬಲ್ಲೆವು. ಈ ಸಂಚಿಕೆಯನ್ನು ಮನೆಗೆ ಒಯ್ಯುವ ವಿದ್ಯಾರ್ಥಿಗಳು, ಓದಿ ಮುಗಿಸಿದ ಬಳಿಕ ಅದನ್ನು ತಮ್ಮ ತಾಯಿಯ ಕೈಗಿತ್ತು, ಆಕೆ ಓದಿ ಮುಗಿಸುವವರೆಗೆ ಒಲೆಯ ಕೆಲಸವನ್ನು ತಾವು ನೋಡಿಕೊಳ್ಳಲಿ. ಆ ತಾಯಿಗೆ ನಾವು ಸಲ್ಲಿಸಬಹುದಾದ ಗೌರವ ಅದು.